ಹೊಸ ಆವೃತ್ತಿ ಬಂದ ಭಾನುವಾರ

ಬ್ರೌಸರಿನ ಹೊಸ ಆವೃತ್ತಿ ಹಾಕಿದ ಮರುದಿನ ಬೆಳಿಗ್ಗೆ ನಮ್ಮ ವಿಭಾಗದ ಫೋನನ್ನು ಕೆಳಗಿಡಲು ಬಿಡುವಿರುತ್ತಿರಲಿಲ್ಲ. "ನನ್ನ ಪೇಜು ಎಲ್ಲಿ ಹೋಯಿತು?" "ಪ್ರಿಂಟ್ ಬಟನ್ ಯಾರು ತೆಗೆದರು?" "ನಿನ್ನೆ ಸರಿಯಾಗಿಯೇ ಇತ್ತಲ್ಲ, ಯಾಕೆ ಮುಟ್ಟಿದಿರಿ?" ಈ ಮೂರನೆಯ ಪ್ರಶ್ನೆಗೆ ನನ್ನ ಬಳಿ ಯಾವತ್ತೂ ಒಳ್ಳೆಯ ಉತ್ತರ ಇರಲಿಲ್ಲ.

ನಾನು ಕೆಲಸ ಮಾಡಿದ್ದು ಮುಂಬೈಯ ಒಂದು ದೊಡ್ಡ ಟ್ರಸ್ಟ್ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ. ಆಸ್ಪತ್ರೆಯ ಹೆಸರು ಬೇಡ. ಯಾವ ಮಹಡಿಯಲ್ಲಿ ಯಾರ ಮಿಷನ್ ನಿಂತರೂ, ಪ್ರಿಂಟರ್ ಕಾಗದ ನುಂಗಿದರೂ ನೆಲಮಾಳಿಗೆಯಿಂದ ಎದ್ದು ಹೋಗಬೇಕಾದವನು ನಾನು. ಊರು ಇಂಡಿ ಕಡೆ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ವಡಾಲದ ಚಾಳಿನಲ್ಲಿ ಮರಾಠಿ, ಡ್ಯೂಟಿಯಲ್ಲಿ ಹಿಂದಿ. ನದಾಫ್ ಎಂಬ ನನ್ನ ಅಡ್ಡಹೆಸರನ್ನು ಆಸ್ಪತ್ರೆಯವರು ನಾಲ್ಕೈದು ಬಗೆಯಲ್ಲಿ ಕರೆಯುತ್ತಿದ್ದರು, ನಾನು ಎಲ್ಲದಕ್ಕೂ ಓಗೊಡುತ್ತಿದ್ದೆ. ಈಗ ನಿವೃತ್ತನಾಗಿದ್ದೇನೆ. ಇದೇ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನಮ್ಮ ಕಾಲನಿಯಲ್ಲೇ ಬಹಳ ಮಂದಿ ಇದ್ದಾರೆ. ತಂತಿ, ಸರ್ವರ್, ವೈರಸ್ಸುಗಳ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರಬಹುದಾದ ಬೇರೆ ಕೆಲವು ಸಂಗತಿಗಳಿವೆ. ಅವನ್ನಷ್ಟೇ ಬರೆಯುತ್ತೇನೆ.

ನಮ್ಮ ಲೆಕ್ಕಪತ್ರ ವಿಭಾಗದಲ್ಲಿ ಪರಬ್ ಎಂಬ ಹಿರಿಯರಿದ್ದರು. ಅವರ ಪಾಲಿಗೆ ಇಂಟರ್ನೆಟ್ ಎಂದರೆ ಪರದೆಯ ಮೂಲೆಯಲ್ಲಿದ್ದ ಒಂದು ನೀಲಿ ಅಕ್ಷರ. ಅದನ್ನು ಒತ್ತಿದರೆ ಜಗತ್ತು ತೆರೆಯುತ್ತಿತ್ತು. ಹಳೆಯ ಬ್ರೌಸರನ್ನು ತೆಗೆದು ಬೇರೆ ಕಂಪನಿಯ ಹೊಸದನ್ನು ಹಾಕಿದಾಗ ಆ ನೀಲಿ ಅಕ್ಷರವೂ ಹೋಯಿತು. ಅವರು ಮೇಲಧಿಕಾರಿಗಳಿಗೆ ದೂರು ಕೊಟ್ಟರು: ಕಂಪ್ಯೂಟರ್ ವಿಭಾಗದವರು ನನ್ನ ಇಂಟರ್ನೆಟ್ ಕಿತ್ತುಕೊಂಡು ಹೋಗಿದ್ದಾರೆ, ಇನ್ನು ಬ್ಯಾಂಕಿನ ಕೆಲಸಕ್ಕೆ ನಾನು ಜವಾಬ್ದಾರನಲ್ಲ ಎಂದು. ನಾನು ಹೋಗಿ ಎಷ್ಟು ವಿವರಿಸಿದರೂ ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಪರದೆಯನ್ನಲ್ಲ. ಕೊನೆಗೆ ಹೊಸ ಬ್ರೌಸರಿನ ಚಿತ್ರವನ್ನು ತೆಗೆದು ಅದೇ ಜಾಗದಲ್ಲಿ ಹಳೆಯ ನೀಲಿ ಅಕ್ಷರದ ಚಿತ್ರ ಅಂಟಿಸಿಕೊಟ್ಟೆ. "ಹಾಂ, ಆತಾ ಆಲಾ" ಎಂದರು ಪರಬ್, ಈಗ ಬಂತು ಎಂದು. ನಿವೃತ್ತಿಯವರೆಗೂ ಅವರು ಆ ವೇಷ ಹಾಕಿದ ಹೊಸ ಬ್ರೌಸರಿನಲ್ಲೇ ನೆಮ್ಮದಿಯಾಗಿ ಕೆಲಸ ಮಾಡಿದರು. ಜನರಿಗೆ ಬೇಕಾಗಿರುವುದು ಹೊಸದೂ ಅಲ್ಲ, ಹಳೆಯದೂ ಅಲ್ಲ, ಕೈ ಹೋದ ಕಡೆ ವಸ್ತು ಸಿಗುವುದು ಎಂದು ನನಗೆ ಅಂದು ತಿಳಿಯಿತು.

ಬಿಲ್ಲಿಂಗ್ ಕೌಂಟರಿನ ಕಾಮತ್ ಬಾಯಿಯದು ಬೇರೆಯೇ ಕಥೆ. ಅವರ ಯಜಮಾನರು ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವರು, ಯಾವುದೋ ದೂರದ ಬಂದರಿನಲ್ಲಿ ಎದೆನೋವು ಬಂದು ತೀರಿಕೊಂಡಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಏನೆಂದರೆ, ಬಾಯಿ ಪ್ರತಿದಿನ ಊಟದ ಹೊತ್ತಿಗೆ ಕೌಂಟರಿನ ಕಂಪ್ಯೂಟರಿನಲ್ಲಿ ಯಜಮಾನರ ಮೇಲ್ ತೆರೆದು ಅವರು ಬರೆದ ಹಳೆಯ ಪತ್ರಗಳನ್ನು ಓದುತ್ತಿದ್ದರು. ಹೊಸ ಆವೃತ್ತಿ ಹಾಕುವ ಮೊದಲು ಎಲ್ಲರನ್ನೂ ಕೇಳುವಂತೆ ಅವರನ್ನೂ ಕೇಳಿದೆ: "ಬಾಯಿ, ಎಲ್ಲಾ ಪಾಸ್‌ವರ್ಡ್ ನೆನಪದಾವ ಏನ್ರಿ?"

ಅವರು ಕೈಯಲ್ಲಿದ್ದ ಬಿಲ್ಲಿನ ಕಟ್ಟನ್ನು ಕೆಳಗಿಟ್ಟರು. "ಒಂದರದ್ದು ಗೊತ್ತಿಲ್ಲ ನದಾಫ್. ಅದನ್ನು ನಾನು ಯಾವತ್ತೂ ಟೈಪ್ ಮಾಡಿದ್ದೇ ಇಲ್ಲ. ರಜೆಯಲ್ಲಿ ಬಂದಾಗ ಅವರೇ ಇಲ್ಲಿ ಕೂತು ಹಾಕಿಕೊಟ್ಟಿದ್ದು. ನಾನು ಕ್ಲಿಕ್ ಮಾಡ್ತೇನೆ, ತೆರೀತದೆ."

ಆ ಪಾಸ್‌ವರ್ಡ್ ಗೊತ್ತಿದ್ದ ಮನುಷ್ಯ ಇರಲಿಲ್ಲ. ಗೊತ್ತಿದ್ದುದು ಹಳೆಯ ಬ್ರೌಸರಿಗೆ ಮಾತ್ರ. ನಾನು ಅದರ ಹೊಟ್ಟೆಯೊಳಗೆ ಉಳಿದಿದ್ದ ಪಾಸ್‌ವರ್ಡುಗಳನ್ನು ಹೊರಗೆ ತೆಗೆದು ಪರದೆಯನ್ನು ಅವರ ಕಡೆ ತಿರುಗಿಸಿದೆ. ಬಾಯಿ ಓದಿದರು, ತುಟಿಗೆ ಸೆರಗು ಒತ್ತಿಕೊಂಡು ನಕ್ಕರು. ಆಮೇಲೆ ಆ ಸೆರಗನ್ನು ಬಹಳ ಹೊತ್ತು ತೆಗೆಯಲಿಲ್ಲ. ಅದೇನೆಂದು ನಾನೂ ನೋಡಿದ್ದೆ. ಇಲ್ಲಿ ಬರೆಯುವುದಿಲ್ಲ.

ಇದನ್ನೆಲ್ಲ ಕೇಳಲು, ನೋಡಲು ನನಗೆ ಆಗ ಸಮಯವಿತ್ತು. ಸಿ.ಡಿ. ಹಿಡಿದು ಮಹಡಿ ಮಹಡಿ ಹತ್ತಿ ಒಂದೊಂದೇ ಮಿಷನ್ನಿಗೆ ಹೊಸ ಆವೃತ್ತಿ ಹಾಕುತ್ತಿದ್ದ ಕಾಲ ಅದು. ಅದು ಇಳಿಯುವವರೆಗೆ ಪಕ್ಕದಲ್ಲಿ ಕೂತು ಚಹಾ ಕುಡಿಯಬೇಕು, ಮಾತಾಡಬೇಕು. ಯಾರು ಯಾವ ಪೇಜನ್ನು ಏತಕ್ಕೆ ತೆರೆಯುತ್ತಾರೆ ಎಂಬುದು ಆ ಚಹಾದ ಹೊತ್ತಿನಲ್ಲೇ ತಿಳಿಯುತ್ತಿತ್ತು. ಆಮೇಲೆ ಎಲ್ಲ ಮಿಷನ್ನುಗಳನ್ನೂ ನಮ್ಮ ನೆಲಮಾಳಿಗೆಯ ಸರ್ವರಿಗೆ ಜೋಡಿಸಿದರು. ಒಂದು ಗುಂಡಿ ಒತ್ತಿದರೆ ಇಡೀ ಆಸ್ಪತ್ರೆಗೆ ಹೊಸ ಆವೃತ್ತಿ ಇಳಿಯುವಂತಾಯಿತು. ಕೆಲಸ ಹಗುರಾಯಿತು, ಸುಳ್ಳು ಹೇಳುವುದಿಲ್ಲ. ನನ್ನ ಮೊಣಕಾಲಿಗೂ ಆರಾಮಾಯಿತು. ಆದರೆ ಮೇಲಿನ ಮಹಡಿಗಳಲ್ಲಿ ಯಾರು ಕೂತಿದ್ದಾರೆ ಎಂಬುದು ನಮ್ಮ ವಿಭಾಗದ ಹೊಸಬರಿಗೆ ಗೊತ್ತಾಗುವುದು ನಿಂತುಹೋಯಿತು.

ಜಯಕರ ಪೂಜಾರಿ ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಉಡುಪಿ ಕಡೆಯವರು, ಹುಟ್ಟುಕುರುಡರು. ದಿನಾಲೂ ದಹಿಸರ್‌ನಿಂದ ಲೋಕಲ್‌ನಲ್ಲಿ ಅಂಗವಿಕಲರ ಡಬ್ಬಿ ಹತ್ತಿ ಬರುತ್ತಿದ್ದರು. ಹೊರಗಿನಿಂದ ಯಾರೇ ಆಸ್ಪತ್ರೆಗೆ ಫೋನು ಮಾಡಲಿ, ಮೊದಲು ಕೇಳುವುದು ಅವರ ದನಿ. ಡಾಕ್ಟರರ ನಂಬರುಗಳೆಲ್ಲ ಬಾಯಿಪಾಠ. ಆದರೆ ಯಾವ ದಿನ ಯಾವ ಡಾಕ್ಟರರು ತುರ್ತು ಡ್ಯೂಟಿಯಲ್ಲಿದ್ದಾರೆ ಎಂಬುದು ದಿನವೂ ಬದಲಾಗುತ್ತಿತ್ತು. ಮೊದಲೆಲ್ಲ ಅದು ಕಾಗದದಲ್ಲಿ ಬರುತ್ತಿತ್ತು. ಬೆಳಿಗ್ಗೆ ಯಾರಾದರೂ ಓದಿ ಹೇಳಬೇಕು, ಜಯಕರ ಅದನ್ನು ಬ್ರೈಲ್‌ನಲ್ಲಿ ಚುಚ್ಚಿಕೊಳ್ಳಬೇಕು. ಓದಲು ಯಾರೂ ಸಿಗದ ದಿನ ಅವರು ವರಾಂಡದಲ್ಲಿ ಕಾಗದ ಹಿಡಿದು ನಿಂತಿರುತ್ತಿದ್ದುದನ್ನು ನಾನು ನೋಡಿದ್ದೇನೆ.

ಡ್ಯೂಟಿ ಪಟ್ಟಿ ಕಂಪ್ಯೂಟರಿಗೆ ಬಂದಾಗ ಅವರ ಮಿಷನ್ನಿಗೆ ಸ್ಕ್ರೀನ್ ರೀಡರ್ ಹಾಕಿಸಿದೆವು. ಬ್ರೌಸರಿನಲ್ಲಿ ತೆರೆದ ಪೇಜನ್ನು ಹೆಡ್‌ಫೋನಿನಲ್ಲಿ ಓದಿ ಹೇಳುವ ಸಾಫ್ಟ್‌ವೇರ್ ಅದು. ಯಾರೋ ದಾನಿಗಳು ಕೊಡಿಸಿದ್ದು. ಯಾವ ಗುಂಡಿ ಒತ್ತಿದರೆ ಯಾವ ಸಾಲು ಎಂದು ನಾನು ಪಕ್ಕದಲ್ಲಿ ಕೂತು ಹೇಳಿಕೊಟ್ಟೆ. ಪಟ್ಟಿಯನ್ನು ಮೊದಲ ಸಲ ತಾವೇ ಕೇಳಿಸಿಕೊಂಡ ದಿನ ಜಯಕರ ಹೆಡ್‌ಫೋನ್ ತೆಗೆದು, "ನದಾಫ್ರೇ, ಇನ್ನು ನಾನು ಯಾರ ಹತ್ತಿರವೂ ಕೇಳ್ಬೇಕಂತಿಲ್ಲ ಅಲ್ವಾ?" ಎಂದರು.

"ಇಲ್ರಿ ಅಣ್ಣಾರ, ಇನ್ನ ಅವರ ನಿಮ್ಮನ್ನ ಕೇಳಬೇಕು" ಎಂದೆ.

ಕೆಲವು ವರ್ಷ ಹಾಗೆಯೇ ನಡೆಯಿತು. ಬ್ರೈಲ್ ಚುಚ್ಚುವ ಸಾಮಾನನ್ನು ಅವರು ಮನೆಗೆ ಒಯ್ದರು.

ಆಗ ನಮ್ಮ ವಿಭಾಗಕ್ಕೆ ದೇಶಮುಖ್ ಎಂಬ ಮುಖ್ಯಸ್ಥರು ಬಂದರು. ಅವರ ಬಗ್ಗೆ ಕೆಟ್ಟದ್ದನ್ನೇ ಬರೆದರೆ ತಪ್ಪಾಗುತ್ತದೆ. ಅವರು ಬರುವ ಸ್ವಲ್ಪ ಮೊದಲು ಹಳೆಯ ಬ್ರೌಸರಿನ ಮೂಲಕ ವೈರಸ್ ನುಗ್ಗಿ ಆಸ್ಪತ್ರೆಯ ಅರ್ಧದಷ್ಟು ಕಂಪ್ಯೂಟರುಗಳು ನಿಂತುಹೋಗಿದ್ದವು. ರೋಗಿಗಳ ರಿಪೋರ್ಟ್ ಸಿಗದೆ ಜನ ಕೌಂಟರಿನ ಗಾಜು ಬಡಿದಿದ್ದರು. ಅದು ಮರುಕಳಿಸಬಾರದು ಎಂಬುದೊಂದೇ ದೇಶಮುಖ್ ಸಾಹೇಬರ ಹಟ. ಯಾವ ಮಿಷನ್ನಿನಲ್ಲೂ ಹಳೆಯ ಆವೃತ್ತಿ ಉಳಿಯಕೂಡದು.

ಆ ಸಲ ಬಂದದ್ದು ದೊಡ್ಡ ಬದಲಾವಣೆ. ಬ್ರೌಸರಿನ ಒಳಗನ್ನೇ ಬೇರೆ ಮಾಡಿದ್ದರು. ನನ್ನ ಮಿಷನ್ನಿನಲ್ಲಿ ಹಾಕಿ, ಜಯಕರರ ಸ್ಕ್ರೀನ್ ರೀಡರನ್ನು ಜೋಡಿಸಿ ನೋಡಿದೆ. ಒಂದು ಅಕ್ಷರವೂ ಓದಲಿಲ್ಲ. ಅದು ಹಳೆಯ ರೀಡರ್, ಹೊಸ ಬ್ರೌಸರಿನ ಭಾಷೆ ಅದಕ್ಕೆ ತಿಳಿಯುತ್ತಿರಲಿಲ್ಲ. ಹೊಸ ರೀಡರ್ ತರಿಸಬೇಕು, ಅದಕ್ಕೆ ಮಂಜೂರಾತಿ ಬೇಕು. ಮೀಟಿಂಗಿನಲ್ಲಿ ಹೇಳಿದೆ: "ಸರ್, ಆಪರೇಟರ್ ಮಿಷನ್ ಒಂದನ್ನು ಬಿಟ್ಟುಬಿಡೋಣ. ಹೊಸ ರೀಡರ್ ಬರುವವರೆಗೆ."

"ಒಬ್ಬರನ್ನು ಬಿಟ್ಟರೆ ಎಲ್ಲರೂ ಬರುತ್ತಾರೆ, ನನ್ನನ್ನೂ ಬಿಡಿ ಅಂತ" ಎಂದರು ಸಾಹೇಬರು, ಹಿಂದಿಯಲ್ಲಿ. "ವೈರಸ್ಸಿಗೆ ಒಂದು ಬಾಗಿಲು ಸಾಕು ನದಾಫ್. ನೀನು ಸೋಮವಾರ ಅವನ ಪಕ್ಕದಲ್ಲಿ ಕೂತುಕೋ. ಏನಾದರೂ ದಾರಿ ಹುಡುಕು."

ಹಾಗೆ ಸೋಮವಾರ ಎಂದು ನಿಗದಿಯಾಯಿತು. ನಾನು ಜಯಕರರಿಗೆ ಹೋಗಿ ಹೇಳಿದೆ. ಹಳೆಯ ರೀತಿಯಲ್ಲೇ ಬೆಳಿಗ್ಗೆ ಪಟ್ಟಿ ಓದಿ ಹೇಳುತ್ತೇನೆ, ಬ್ರೈಲ್ ಸಾಮಾನು ತನ್ನಿ ಎಂದೆ. "ಆಯ್ತು ಮಾರಾಯ್ರೆ, ಸ್ವಲ್ಪ ದಿನ ತಾನೇ" ಎಂದರು.

ಶನಿವಾರ, ಭಾನುವಾರ ನನಗೆ ರಜೆ. ಶನಿವಾರ ಸಾಹೇಬರಿಗೆ ಅನ್ನಿಸಿತು, ಸೋಮವಾರ ಹೊರರೋಗಿಗಳ ಓಪಿಡಿಯಲ್ಲಿ ಜನ ಜಾಸ್ತಿ, ಏನಾದರೂ ಎಡವಟ್ಟಾದರೆ ಗಲಾಟೆ, ವಾರಾಂತ್ಯದಲ್ಲೇ ಮುಗಿಸಿಬಿಡೋಣ ಎಂದು. ಯೋಚನೆಯೇನೋ ಸರಿಯೇ ಇತ್ತು. ನನಗೆ ಯಾರೂ ಹೇಳಲಿಲ್ಲ. ಜಯಕರರಿಗೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಮಿಷನ್ನುಗಳು ಶುರುವಾಗುವಾಗ ಹೊಸ ಆವೃತ್ತಿ ಇಳಿಯುತ್ತಾ ಹೋಯಿತು.

ಭಾನುವಾರ ಟೆಲಿಫೋನ್ ಬೋರ್ಡಿನಲ್ಲಿ ಒಬ್ಬರೇ ಆಪರೇಟರ್. ಅಂದು ಜಯಕರ.

ಮುಂದಿನದನ್ನು ನಾನು ನೋಡಲಿಲ್ಲ. ಜಯಕರ, ಹೆರಿಗೆ ವಾರ್ಡಿನ ಸಿಸ್ಟರ್ ಮತ್ತು ಬಾಗಿಲ ಬಳಿ ಕೂರುವ ವಾಚ್‌ಮನ್ ಹೇಳಿದ್ದನ್ನು ಕೂಡಿಸಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ರೀಡರ್ ಮಾತಾಡದಿದ್ದಾಗ ಜಯಕರ ಮಿಷನ್ ಆರಿಸಿ ಮತ್ತೆ ಹಾಕಿದರು. ಮೌನ. ನಮ್ಮ ವಿಭಾಗಕ್ಕೆ ಫೋನು ಮಾಡಿದರು. ಅಲ್ಲಿ ಡ್ಯೂಟಿಯಲ್ಲಿದ್ದ ಹೊಸಬ, ಎಲ್ಲ ಕಡೆ ಅಪ್‌ಡೇಟ್ ನಡೆಯುತ್ತಿದೆ ಅಂಕಲ್, ಮುಗಿದ ಮೇಲೆ ಬಂದು ನೋಡುತ್ತೇನೆ ಎಂದ. ಅವನಿಗೆ ಎಲ್ಲ ವಾರ್ಡುಗಳಿಂದಲೂ ಫೋನು ಬರುತ್ತಿತ್ತು. ಜಯಕರ ಕಾದರು. ಸಾಧಾರಣ ಕರೆಗಳನ್ನು ನೆನಪಿನಿಂದಲೇ ನಡೆಸಿದರು.

ಮಧ್ಯಾಹ್ನ ಹೆರಿಗೆ ವಾರ್ಡಿನಲ್ಲಿ ಒಬ್ಬ ಹೆಂಗಸಿಗೆ ಮಗುವಾದ ಮೇಲೆ ರಕ್ತಸ್ರಾವ ನಿಲ್ಲಲಿಲ್ಲ. ಆಪರೇಷನ್ನಿಗೆ ಒಯ್ಯಬೇಕು, ಅರಿವಳಿಕೆ ಡಾಕ್ಟರರು ಬೇಕು. ಅಂದಿನ ತುರ್ತು ಡ್ಯೂಟಿ ಯಾರದು ಎಂದು ಸಿಸ್ಟರ್ ತಮ್ಮ ಕಂಪ್ಯೂಟರಿನಲ್ಲಿ ನೋಡಲು ಹೋದರು. ವಾರ್ಡಿನ ಮಿಷನ್ನಿನಲ್ಲಿ ಪಾಸ್‌ವರ್ಡನ್ನು ಬ್ರೌಸರೇ ನೆನಪಿಟ್ಟುಕೊಂಡಿರುತ್ತಿತ್ತು. ಹೊಸ ಆವೃತ್ತಿ ಅದನ್ನು ಮರೆತು ಮತ್ತೆ ಕೇಳಿತು. ಸಿಸ್ಟರಿಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಅವರು ಬೋರ್ಡಿಗೆ ಫೋನು ಮಾಡಿ, "ಜಯಕರ್ ಭಾಯ್, ಅನೆಸ್ತೇಶಿಯಾ ಆನ್‌ಕಾಲ್ ಕೊಡಿ, ಜಲ್ದಿ" ಎಂದರು.

ಜಯಕರ ವಾಚ್‌ಮನ್ನನ್ನು ಕೂಗಿ ಕರೆದರು. "ಪರದೆ ಮೇಲೆ ಏನು ಬರೆದಿದೆ, ಓದು."

ಹೊಸ ಆವೃತ್ತಿ ಹಾಕಿದಾಗ ಮೊದಲು ತೆರೆಯುವುದು ಅದರದ್ದೇ ಜಾಹೀರಾತಿನ ಪೇಜು. ಬಣ್ಣಬಣ್ಣದ ಚಿತ್ರ, ದೊಡ್ಡ ಅಕ್ಷರ. ವಾಚ್‌ಮನ್ ಒಂದೊಂದೇ ಅಕ್ಷರ ಕೂಡಿಸಿ, "ವೆಲ್‌ಕಮ್ ಲಿಖಾ ಹೈ" ಎಂದ. ಸ್ವಾಗತ ಎಂದು ಬರೆದಿದೆ.

"ಅದಲ್ಲ, ಡಾಕ್ಟರರ ಹೆಸರು!"

"ಹೆಸರು ಇಲ್ಲ ಸಾಬ್. ವೆಲ್‌ಕಮ್ ಅಷ್ಟೇ."

ಬೋರ್ಡಿನ ಮಿಷನ್ನಿಗೆ ಪಾಸ್‌ವರ್ಡ್ ಬೇಕಿರಲಿಲ್ಲ, ಡ್ಯೂಟಿ ಪಟ್ಟಿ ಆ ಪೇಜಿನ ಹಿಂದೆಯೇ ತೆರೆದಿತ್ತು. ಒಂದು ಕ್ಲಿಕ್ಕಿನ ದೂರ. ಮೌಸು ಮುಟ್ಟಿ ಅಭ್ಯಾಸವಿಲ್ಲದವನಿಗೆ ಅದು ತಿಳಿಯಲಿಲ್ಲ, ತಿಳಿದಿದ್ದವರಿಗೆ ಕಾಣುತ್ತಿರಲಿಲ್ಲ. ಜಯಕರ ನೆನಪಿನಿಂದ ನಂಬರು ಒತ್ತಿದರು. ಮೊದಲನೆಯ ಡಾಕ್ಟರರು ಎತ್ತಲಿಲ್ಲ. ಎರಡನೆಯವರು ನಾಸಿಕದಲ್ಲಿದ್ದರು. ಮೂರನೆಯವರು, "ಡ್ಯೂಟಿ ನನ್ನದಲ್ಲ, ಆದರೂ ಹೊರಟೆ" ಎಂದು ಸಾಂತಾಕ್ರೂಜಿನಿಂದ ಹೊರಟರು. ಅವರು ಬಂದರು. ಆಪರೇಷನ್ ಆಯಿತು. ಹೆಂಗಸು ಉಳಿಯಲಿಲ್ಲ. ಮಗು ಹೆಣ್ಣು, ಉಳಿಯಿತು. ಅಂದು ನಿಜವಾಗಿ ಡ್ಯೂಟಿಯಲ್ಲಿದ್ದ ಡಾಕ್ಟರರು ನಾಲ್ಕನೆಯ ಮಹಡಿಯ ಕೋಣೆಯಲ್ಲಿ ಕರೆ ಬಂದರೆ ಹೋಗಬೇಕೆಂದು ಕೂತಿದ್ದರು.

ಸೋಮವಾರ ಬೆಳಿಗ್ಗೆ ನಾನು ಹೇಳಿದ್ದಂತೆ ಬೋರ್ಡಿನ ಕೋಣೆಗೆ ಹೋದೆ. ಜಯಕರ ಕುರ್ಚಿಯಲ್ಲೇ ಇದ್ದರು. ಅವರ ಡ್ಯೂಟಿ ಮುಗಿದು, ರಾತ್ರಿಯ ಆಪರೇಟರ್ ಕಾಗದದ ಪಟ್ಟಿ ತರಿಸಿಕೊಂಡು ಪಕ್ಕದಲ್ಲಿ ಕೂತು ಕೆಲಸ ಮಾಡಿ ಹೋಗಿದ್ದರು, ಇವರು ಮನೆಗೆ ಹೋಗಿರಲೇ ಇಲ್ಲ.

"ನದಾಫ್ರೇ, ಮಿಷನ್ ಮಾತಾಡ್ತಾ ಇಲ್ಲ" ಎಂದರು. ನಾನು ವೆಲ್‌ಕಮ್ ಪೇಜನ್ನು ಮುಚ್ಚಿದೆ. ಹಿಂದೆ ಭಾನುವಾರದ ಪಟ್ಟಿ ಹಾಗೇ ಇತ್ತು.

ವಿಚಾರಣೆ ನಡೆಯಿತು. ಸೂಪರಿಂಟೆಂಡೆಂಟ್ ಮೇಡಂ ಹಿರಿಯ ಡಾಕ್ಟರ್, ಗಟ್ಟಿ ಹೆಂಗಸು. ದೇಶಮುಖ್ ಸಾಹೇಬರು ಹೇಳಿದ್ದು ಇಷ್ಟು: ನೆಟ್‌ವರ್ಕ್ ಸರಿಯಾಗಿತ್ತು, ಮಿಷನ್ ನಡೆಯುತ್ತಿತ್ತು, ಪೇಜು ತೆರೆದೇ ಇತ್ತು. ಪ್ರತಿಯೊಂದು ಮಾತೂ ನಿಜ. ಆಮೇಲೆ ನನ್ನನ್ನು ಕರೆದರು. ಆಪರೇಟರ್ ಮಿಷನ್ನನ್ನು ಬಿಡಲು ಕೇಳಿದ್ದೆ, ಸೋಮವಾರ ಎಂದಿದ್ದು ಭಾನುವಾರ ಆಯಿತು, ಜಯಕರರಿಗೆ ಪೇಜು ತೆರೆದಿದೆಯೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ ಎಂದು ಹೇಳಿದೆ. ಸಾಹೇಬರು ಮೇಜಿನ ಮೇಲಿನ ತಮ್ಮ ಕೈಗಳನ್ನೇ ನೋಡುತ್ತಿದ್ದರು. "ಅವನು ಹೇಳುವುದು ಸರಿ" ಎಂದರು ಮೆಲ್ಲಗೆ. ಅಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಕಂಡಿತು, ಅದಕ್ಕೇ ಅವರನ್ನು ದ್ವೇಷಿಸಲು ನನ್ನಿಂದ ಆಗಲಿಲ್ಲ.

ಮೇಡಂ ಜಯಕರರನ್ನು ಕೇಳಿದರು, ನಿಮಗೇನಾದರೂ ಹೇಳುವುದಿದೆಯಾ ಎಂದು.

"ಒಂದು ಕೇಳ್ಬೇಕಿತ್ತು" ಎಂದರು ಜಯಕರ ತಮ್ಮ ಹಿಂದಿಯಲ್ಲಿ. "ನಾನು ಮೊದಲನೇ ಸಲವೇ ಸರಿಯಾದ ನಂಬರ್ ಕೊಟ್ಟಿದ್ದರೆ ಅವರು ಬದುಕುತ್ತಿದ್ದರಾ?"

ಮೇಡಂ ಕನ್ನಡಕ ತೆಗೆದು ಫೈಲಿನ ಮೇಲಿಟ್ಟರು. "ಹೇಳಲಾಗುವುದಿಲ್ಲ" ಎಂದರು. "ಬದುಕುತ್ತಿದ್ದರೂ ಬದುಕುತ್ತಿದ್ದರು. ರಕ್ತ ಬಹಳ ಹೋಗಿತ್ತು. ನನಗೆ ಹೇಳಲಾಗುವುದಿಲ್ಲ." ಅವರು ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ನನಗೆ ಇವತ್ತಿಗೂ ತಿಳಿದಿಲ್ಲ.

ಆ ಹೆಂಗಸಿನ ಗಂಡ ರಿಕ್ಷಾ ಓಡಿಸುತ್ತಿದ್ದವನು. ಮಗುವಿನ ಜನನದ ಕಾಗದ, ತಾಯಿಯ ಮರಣದ ಕಾಗದ ಎರಡನ್ನೂ ಒಂದೇ ಕಿಟಕಿಯಲ್ಲಿ ತೆಗೆದುಕೊಳ್ಳಲು ಅವನು ಒಂದು ದಿನ ಬಂದ. ಯಾರೋ ಅವನಿಗೆ ಫೋನಿನ ವಿಷಯ ಹೇಳಿರಬೇಕು. ಬೋರ್ಡಿನ ಕೋಣೆಗೆ ಬಂದು ಬಾಗಿಲಲ್ಲಿ ನಿಂತು, "ಆವತ್ತು ಫೋನು ಎತ್ತಿದ್ದು ಯಾರು?" ಎಂದು ಕೇಳಿದ. ನಾನು ಒಳಗೇ ಇದ್ದೆ, ಮಿಷನ್ನಿಗೆ ಹಳೆಯ ಬ್ರೌಸರನ್ನು ಮತ್ತೆ ಹಾಕುವ ಪ್ರಯತ್ನದಲ್ಲಿದ್ದೆ. ನಾನು ಏನಾದರೂ ಹೇಳುವಷ್ಟರಲ್ಲಿ ಜಯಕರ ಎದ್ದುನಿಂತರು.

"ನಾನು" ಎಂದರು.

ಅವನು ಮುಂದೆ ಬಂದ. ಜಯಕರರ ಮುಖ ನೋಡಿದ. ಅವರ ಕಣ್ಣು ನೋಡಿದ. ತಿರುಗಿ ಹೋದ.

"ಹೋದರಾ?" ಎಂದರು ಜಯಕರ.

"ಹೋದ್ರು, ಅಣ್ಣಾರ."

"ಏನು ಮಾಡಿದರು? ಕೋಪದಲ್ಲಿ ಇದ್ದರಾ?"

"ಇಲ್ರಿ. ನಿಮ್ಮನ್ನ ನೋಡಿದ್ರು. ಸುಮ್ಮನ ಹೋದ್ರು."

ಜಯಕರ ಕೂತರು. "ಬೈಬೇಕಿತ್ತು ಮಾರಾಯ್ರೆ" ಎಂದರು. "ಕಣ್ಣಿದ್ದವ ಈ ಕುರ್ಚಿಯಲ್ಲಿ ಇದ್ದಿದ್ದರೆ ಕಾಲರ್ ಹಿಡೀತಿದ್ದರು. ನನ್ನನ್ನು ನೋಡಿ ಬಿಟ್ಟುಬಿಟ್ಟರು. ಇಷ್ಟು ವರ್ಷ ನಾನು ಕೆಲಸ ಮಾಡಿದ್ದು ಎಂತಕ್ಕೆ ಹಾಗಾದರೆ?"

ನಾನು ಹಳೆಯ ಬ್ರೌಸರಿನ ಸಿ.ಡಿ.ಯನ್ನು ಮತ್ತೊಮ್ಮೆ ಹಾಕಿ ನೋಡಿದೆ.

ವಿಚಾರಣೆಯ ಕೊನೆಯಲ್ಲಿ ತಾಂತ್ರಿಕ ಕಾರಣ ಎಂದು ಬರೆದರು. ಯಾರಿಗೂ ಶಿಕ್ಷೆಯಾಗಲಿಲ್ಲ. ಜಯಕರರನ್ನು ಮಾತ್ರ ಬೋರ್ಡಿನಿಂದ ತೆಗೆದು ಹಳೆಯ ದಾಖಲೆಗಳ ವಿಭಾಗಕ್ಕೆ ಹಾಕಿದರು. ಶಿಕ್ಷೆಯಲ್ಲ, ಕರುಣೆ ಎಂದೇ ಎಲ್ಲರೂ ಹೇಳಿದರು. ಸಂಬಳ ಅದೇ, ಕಿಟಕಿಯ ಪಕ್ಕದ ಕುರ್ಚಿ, ಫ್ಯಾನಿನ ಗಾಳಿ. ಕೆಲಸ ಮಾತ್ರ ಏನೂ ಇಲ್ಲ. ಫೈಲುಗಳಿಂದ ತುಂಬಿದ ಕೋಣೆಯಲ್ಲಿ ಓದಲಾಗದ ಮನುಷ್ಯನನ್ನು ಕೂರಿಸಿದ್ದರು. ನಾನು ಊಟದ ಹೊತ್ತಿಗೆ ಹೋಗುತ್ತಿದ್ದೆ. ಮೊದಮೊದಲು ಅವರು ಬಾಗಿಲ ಸದ್ದಿಗೇ, "ಬನ್ನಿ ನದಾಫ್ರೇ" ಎನ್ನುತ್ತಿದ್ದರು. ಬರಬರುತ್ತಾ ನಾನು ಎದುರಿಗೆ ಬಂದು ಮಾತಾಡಿಸುವವರೆಗೂ ತಲೆ ಎತ್ತುತ್ತಿರಲಿಲ್ಲ. ಇಡೀ ದಿನ ಮಾತಾಡಿ ಬದುಕಿದವರ ಗಂಟಲು ಒಣಗಿದಂತಿತ್ತು, ಎರಡು ಮಾತಿಗೆ ಒಮ್ಮೆ ಕೆಮ್ಮುತ್ತಿದ್ದರು.

ನಾನು ಹೊಸ ರೀಡರಿಗಾಗಿ ಬೆನ್ನು ಹತ್ತಿದೆ. ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. "ಈಗ ಬೋರ್ಡಿನಲ್ಲಿ ಕುರುಡರು ಯಾರೂ ಇಲ್ಲವಲ್ಲ, ಯಾಕೆ ಬೇಕು?" ಎಂದು ಕೇಳುವವರಿದ್ದರು. ಕೊನೆಗೆ ಮೇಡಂ ತಾವೇ ಸಹಿ ಹಾಕಿ ತರಿಸಿದರು. ಜಯಕರ ಬಯಸಿದರೆ ಬೋರ್ಡಿಗೆ ಮರಳಬಹುದು ಎಂದೂ ಹೇಳಿದರು. ಆ ದಿನ ನಾನು ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದೆ.

ಮಧ್ಯಾಹ್ನ ಬೋರ್ಡಿನಲ್ಲಿ ಕರೆ ಕಡಿಮೆ ಇದ್ದ ಹೊತ್ತು ನೋಡಿ ಅವರನ್ನು ಕರೆದುಕೊಂಡು ಹೋದೆ. ಕುರ್ಚಿಯಲ್ಲಿ ಕೂರಿಸಿ ಹೆಡ್‌ಫೋನ್ ಕೊಟ್ಟೆ. ಹೊಸ ಬ್ರೌಸರ್, ಹೊಸ ರೀಡರ್. ಅವರು ಗುಂಡಿ ಒತ್ತುತ್ತಾ ಹೋದರು. ಬೆರಳುಗಳು ಏನನ್ನೂ ಮರೆತಿರಲಿಲ್ಲ. ಇಡೀ ಪಟ್ಟಿಯನ್ನು ಕೊನೆಯವರೆಗೆ ಕೇಳಿದರು.

"ಚೆಂದ ಓದ್ತದೆ" ಎಂದರು. "ಮೊದಲಿನದ್ದಕ್ಕಿಂತ ಸ್ಪಷ್ಟ."

"ನಾಳೆಯಿಂದ ಬರ್ರಿ ಅಣ್ಣಾರ. ಮೇಡಂ ಹೂಂ ಅಂದಾರ."

ಅವರು ಹೆಡ್‌ಫೋನ್ ತೆಗೆಯಲಿಲ್ಲ. "ಒಂದು ಹೇಳಿ ನದಾಫ್ರೇ. ಈ ಬ್ರೌಸರ್ ಇನ್ನು ಮತ್ತೆ ಬದಲಾಗ್ತದಾ?"

"ಆಗ್ತೈತ್ರಿ. ಈಗ ತಾನೇ ತಾನಾಗಿ ಆಗ್ತಿರತೈತಿ."

"ಬದಲಾದಾಗ ಇದು ಮತ್ತೆ ಸುಮ್ಮನಾಗ್ಲಿಕ್ಕೂ ಸಾಕಲ್ಲ?"

ನಾನು ಇಲ್ಲ ಎನ್ನಬೇಕೆಂದಿದ್ದೆ. ಈ ಮನುಷ್ಯನಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಆಗಬಹುದ್ರಿ" ಎಂದೆ.

"ಆಗುವ ಮೊದಲು ನನಗೆ ಯಾರು ಹೇಳುವುದು?"

"ನಾ ಹೇಳ್ತೀನಲ್ರಿ."

"ನೀವು ರಜೆಯಲ್ಲಿದ್ದರೆ? ನೀವು ರಿಟೈರ್ ಆದ ಮೇಲೆ?"

ಹೊರಗೆ ವರಾಂಡದಲ್ಲಿ ಸ್ಟ್ರೆಚರ್ ಹೋಗುತ್ತಿದ್ದ ಸದ್ದು ಬಂತು. ಅದು ದೂರವಾಗುವವರೆಗೆ ಅವರು ಆ ಕಡೆಗೇ ಕಿವಿಕೊಟ್ಟಿದ್ದರು. ಆಮೇಲೆ ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ನಿಧಾನವಾಗಿ ಇಟ್ಟರು.

"ನನಗೆ ಧೈರ್ಯ ಇಲ್ಲ ಮಾರಾಯ್ರೆ. ಕೆಲಸ ಬರೂದಿಲ್ಲ ಅಂತ ಅಲ್ಲ. ಫೋನ್ ರಿಂಗ್ ಆದ ಕೂಡ್ಲೇ ಮಿಷನ್ ಮಾತಾಡ್ತದಾ ಇಲ್ವಾ ಅಂತ ಹೆದರಿಕೊಂಡು ಕೂತವ ಆಪರೇಟರ್ ಆಗ್ಲಿಕ್ಕೆ ಆಗೂದಿಲ್ಲ." ಎದ್ದು ನನ್ನ ತೋಳು ಹಿಡಿದರು. ಆ ಆಸ್ಪತ್ರೆಯ ಮೂಲೆ ಮೂಲೆ ಗೊತ್ತಿದ್ದವರು ಅವರು, ಒಬ್ಬರೇ ಓಡಾಡುತ್ತಿದ್ದವರು. ಅಂದು ನಾನೇ ಹಿಡಿದುಕೊಂಡು ದಾಖಲೆ ಕೋಣೆಯವರೆಗೆ ಬಿಟ್ಟು ಬಂದೆ.

ಸ್ವಲ್ಪ ದಿನಗಳಲ್ಲಿ ಅವರು ಸ್ವಯಂ ನಿವೃತ್ತಿ ತೆಗೆದುಕೊಂಡರು. ದಹಿಸರ್‌ನ ಅವರ ಬಿಲ್ಡಿಂಗಿಗೆ ನಾನು ಆಗಾಗ ಹೋಗುತ್ತೇನೆ. ಹೆಂಡತಿ ಸುಮತಿ ಚಹಾ ಕೊಟ್ಟು ನಮ್ಮ ಜತೆಗೇ ಕೂರುತ್ತಾರೆ, ಯಾಕೆಂದರೆ ಅವರು ಕೂರದಿದ್ದರೆ ಮಾತು ನಡೆಯುವುದಿಲ್ಲ. ಕಳೆದ ಸಲ ನಾನು ಹೋದಾಗ ಮನೆಯ ಫೋನು ರಿಂಗಾಯಿತು. ಜಯಕರರ ಕೈಗೆ ಸಿಗುವಷ್ಟು ಹತ್ತಿರವೇ ಇತ್ತು. ಅವರು ಎತ್ತಲಿಲ್ಲ. ಸುಮತಿಯವರು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಓಡಿಬಂದು ಎತ್ತಿದರು. ನನ್ನ ಕಡೆ ನೋಡಿ, "ಈಗ ಹೀಗೇ" ಎಂಬಂತೆ ತಲೆಯಾಡಿಸಿದರು.

ಈ ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದು ಇಷ್ಟೇ. ಹೊಸ ಆವೃತ್ತಿಗಳು ಬರಬೇಕು, ಬೇಡ ಎನ್ನುವ ಮೂರ್ಖ ನಾನಲ್ಲ. ದೇಶಮುಖ್ ಸಾಹೇಬರ ಭಯ ಸುಳ್ಳಾಗಿರಲಿಲ್ಲ. ಆದರೆ ಗುಂಡಿ ಒತ್ತುವ ಮೊದಲು ಒಮ್ಮೆ ಮೇಲೆ ಹೋಗಿ. ಪ್ರತಿ ಮಹಡಿಯಲ್ಲೂ ಒಬ್ಬರ ಪಕ್ಕದಲ್ಲಾದರೂ ಕೂತು, ಅವರು ಬೆಳಿಗ್ಗೆ ಬಂದು ಮೊದಲು ಏನನ್ನು ತೆರೆಯುತ್ತಾರೆ, ಹೇಗೆ ತೆರೆಯುತ್ತಾರೆ ನೋಡಿ. ತಾರೀಖು ಬದಲಾದರೆ ಹೇಳಿ. ಹೇಳುವುದಕ್ಕೆ ಒಂದು ಫೋನು ಸಾಕು. ನಮ್ಮ ಆಸ್ಪತ್ರೆಯಲ್ಲಿ ಅಂದು ಆಗದೇ ಹೋದದ್ದು ಅದೊಂದೇ.

ನನ್ನ ಕೊನೆಯ ವರ್ಷದಲ್ಲಿ ಮೇಡಂ ಬಳಿ ಹಟ ಹಿಡಿದು ಒಂದು ನಿಯಮ ಮಾಡಿಸಿದೆ. ಟೆಲಿಫೋನ್ ಬೋರ್ಡಿನ ಮಿಷನ್ನಿಗೆ ಹೊಸ ಆವೃತ್ತಿ ಹಾಕುವಾಗ ನಮ್ಮ ವಿಭಾಗದವರೊಬ್ಬರು ಆಪರೇಟರರ ಪಕ್ಕದಲ್ಲೇ ಕೂತಿರಬೇಕು, ಸ್ಕ್ರೀನ್ ರೀಡರ್ ಡ್ಯೂಟಿ ಪಟ್ಟಿಯನ್ನು ಓದಿ ಮುಗಿಸಿದ್ದನ್ನು ಕಿವಿಯಾರೆ ಕೇಳಿಯೇ ಏಳಬೇಕು. ಆ ನಿಯಮವನ್ನು ಇವತ್ತಿಗೂ ತಪ್ಪದೆ ಪಾಲಿಸುತ್ತಾರಂತೆ. ಹುಡುಗರು ಹೋಗಿ ಕೂರುತ್ತಾರೆ, ಹೆಡ್‌ಫೋನ್ ಹಾಕಿಕೊಂಡು ಪಟ್ಟಿಯನ್ನು ಕೊನೆಯವರೆಗೆ ಕೇಳುತ್ತಾರೆ, ಸರಿಯಾಗಿದೆ ಎಂದು ಸಹಿ ಮಾಡುತ್ತಾರೆ. ಜಯಕರರ ನಂತರ ಆ ಕುರ್ಚಿಗೆ ಕಣ್ಣು ಕಾಣದವರನ್ನು ಆಸ್ಪತ್ರೆ ತೆಗೆದುಕೊಂಡಿಲ್ಲ.